ಉತ್ತರ: ಓವೆನ್ಸ್, ಕಾರ್ಟರ್ ಇಬ್ಬರಿಗೂ ನಾಲ್ಕು ಪ್ರಶಸ್ತಿ ಹೇಗೆ?

ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಅಥ್ಲೆಟಿಕ್ಸ್ ಕೂಟದ ನಿಮ್ಮ ಪುರುಷರ ಪಟ್ಟಿಯಲ್ಲಿ ಅಮೆರಿಕದ ಓಟಗಾರರಾದ ಜೆಸ್ಸಿ ಓವೆನ್ಸ್ ಮತ್ತು ಝೇವಿಯರ್ ಕಾರ್ಟರ್ ಇಬ್ಬರಿಗೂ ಒಂದೇ ಕೂಟದಲ್ಲಿ ನಾಲ್ಕು ಪ್ರಶಸ್ತಿ ಹೇಗೆ ಎಂದು ಕೇಳಿದ್ದಿರಿ. ಇಬ್ಬರೂ ಸಮ ಬರಲು ಕಾರಣ ಬಹುಶಃ ರಿಲೇ, ಅಂದರೆ ನಾಲ್ವರ ತಂಡದ ಓಟ. ಪಟ್ಟಿ ಪೂರ್ತಿ ಕಾಣುತ್ತಿಲ್ಲ, ಆದರೂ ನಾನು ಲೆಕ್ಕ ಹಾಕಿದಾಗ ಎಡವಿದ್ದು ಇಲ್ಲೇ.

ಮೊದಲು ರಿಲೇ ತೆಗೆದುಬಿಡಿ. 2006ರಲ್ಲಿ ಕಾರ್ಟರ್ ಒಬ್ಬರೇ ಗೆದ್ದದ್ದು 100 ಮೀಟರ್, 400 ಮೀಟರ್. ಉಳಿದೆರಡು ರಿಲೇ. ಒಂದೇ ಕೂಟದಲ್ಲಿ 100 ಮತ್ತು 400 ಎರಡನ್ನೂ ಗೆಲ್ಲುವುದೇ ದೊಡ್ಡ ಸಾಹಸ, ಅದನ್ನು ಸಣ್ಣದು ಅನ್ನಬೇಡಿ. ಓವೆನ್ಸ್ 1935ರಲ್ಲಿ ಗೆದ್ದದ್ದು 100 ಗಜ, 220 ಗಜ, 220 ಗಜ ಹರ್ಡಲ್ಸ್, ಲಾಂಗ್‌ಜಂಪ್. ನಾಲ್ಕೂ ಒಬ್ಬರೇ! 1936ರಲ್ಲಿ ಮತ್ತೆ ನಾಲ್ಕು. ಒಟ್ಟು 8.

ಆಮೇಲೆ ಕೂಟದ ಹೆಸರು ನೋಡಿ. 1935ರ ಮೇ 25ರಂದು ಆನ್ ಆರ್ಬರ್‌ನಲ್ಲಿ ಓವೆನ್ಸ್ ಲಾಂಗ್‌ಜಂಪ್‌ನಲ್ಲಿ ಒಂದೇ ಸಲ ಹಾರಿ 8.13 ಮೀಟರ್ ಮುಟ್ಟಿದರಲ್ಲ, ಅದು ಬಿಗ್ ಟೆನ್ ಕೂಟ, ಅಂದರೆ ಅಮೆರಿಕದ ಕೆಲವೇ ವಿಶ್ವವಿದ್ಯಾಲಯಗಳ ಗುಂಪಿನ ಕೂಟ. ಎನ್‌ಸಿಎಎ ನಡೆದದ್ದು ಮುಂದಿನ ತಿಂಗಳು, ಬರ್ಕ್ಲಿಯಲ್ಲಿ. ಜಾಸ್ತಿ ಜನ ಇವೆರಡನ್ನೂ ಬೆರೆಸುತ್ತಾರೆ.

ಕೊನೆಗೆ ಒಳಾಂಗಣದ ಪ್ರಶಸ್ತಿಗಳಿಗೆ ಬೇರೆ ಕಾಲಂ ಮಾಡಿ. ಎನ್‌ಸಿಎಎ ಒಳಾಂಗಣ ಕೂಟ ಶುರುವಾದದ್ದೇ 1965ರಲ್ಲಿ. ಓವೆನ್ಸ್‌ಗೆ ಆ ಅವಕಾಶವೇ ಇರಲಿಲ್ಲ ಅಲ್ವಾ?