ಸಣ್ಣ ಕಲಾಕೇಂದ್ರದ ಸಮಿತಿಗೆ ಸಂಬಳವಿಲ್ಲದೆ ಸೇರಲು ಕರೆದಿದ್ದಾರೆ. ಕೆಲಸ ಏನಿರುತ್ತದೆ?

ಸುಮ್ನೆ ಹೆಸರಿಗೆ ಸದಸ್ಯರಾಗುವುದಾದರೆ ಬೇಡ ಅನ್ನಿ. ಕರ್ನಾಟಕದಲ್ಲಿ ಇಂಥ ಕೇಂದ್ರಗಳು ಹೆಚ್ಚಾಗಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು. ಆಮೇಲೆ 14 ದಿನದೊಳಗೆ ಸಮಿತಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ತಲುಪಬೇಕು. ಸಣ್ಣ ಸಂಘಗಳು ಇದನ್ನೇ ಮರೆಯುತ್ತವೆ.

ದೊಡ್ಡ ಕೆಲಸ ದುಡ್ಡಿನದು. ಕಟ್ಟಡದ ಬಾಡಿಗೆ, ಚಿತ್ರಕಲೆ ಮೇಷ್ಟ್ರ ಸಂಭಾವನೆ, ಕರೆಂಟ್ ಬಿಲ್ಲು ಎಲ್ಲಿಂದ ಬರುತ್ತದೆ ಅಂತ ಕೇಳಬೇಕಾದವರು ನೀವೇ ಅಲ್ವಾ? ಕಾರ್ಯದರ್ಶಿ ಎಷ್ಟೇ ಒಳ್ಳೆಯವರಾಗಲಿ, ಬ್ಯಾಂಕ್ ಪಾಸ್‌ಬುಕ್ ನೋಡಿಯೇ ಸಹಿ ಹಾಕಿ. ತರಗತಿ ಹೇಗೆ ನಡೆಯಬೇಕು ಅನ್ನುವುದನ್ನು ಮಾತ್ರ ಕಲಿಸುವವರಿಗೆ ಬಿಡಿ. ನಿಮ್ಮ ನೆಂಟರಿಗೆ ವೇದಿಕೆ ಕೊಡುವ ಮಾತು ಬಂದರೆ ಆ ಚರ್ಚೆಯಿಂದ ಎದ್ದು ಹೊರಗೆ ಬನ್ನಿ.

ಸೇರುವ ಮುಂಚೆ ಬೈಲಾ (ಸಂಘದ ನಿಯಮಾವಳಿ) ಮತ್ತು ಕಳೆದ 3 ವರ್ಷದ ಆಡಿಟ್ ವರದಿ ಕೇಳಿ. ತೋರಿಸಲು ಹಿಂದೇಟು ಹಾಕಿದರೆ ಸೇರಬೇಡಿ.