ಚುಕ್ಕೆ ತಿಳಿಯಾದ ಮಾತ್ರಕ್ಕೆ ಫೇಜ್ ಸಿಕ್ಕಿತು ಅಂತಲ್ಲ

ಆಸ್ಪತ್ರೆ ಹಿಂದಿನ ಚರಂಡಿ ನೀರು ಸೋಸಿ ಹನಿ ಬಿಟ್ಟೆ, ಪ್ಲೇಟಿನ ತುಂಬ ಹಾಸಿನಂತೆ ಬೆಳೆದ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಿಳಿ ಚುಕ್ಕೆ ಬಂತು, ಇನ್ನು ಆ್ಯಂಟಿಬಯಾಟಿಕ್ ಬದಲು ಈ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಸಾಕಲ್ಲವೇ ಅಂತ ಕೇಳಿದ್ದೀರಿ. ಅಂಥದೇ ಚುಕ್ಕೆಯನ್ನು ನಾನೂ ನಂಬಿದ್ದೆ. ಶಿವಮೊಗ್ಗದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿನ ನಾಲ್ಕು ತಿಂಗಳು ಅದಕ್ಕೇ ಹೋಯಿತು.

ತಪ್ಪು ಒಂದೇ: ಸೋಸಿದ ನೀರನ್ನು ತೆಳು ಮಾಡಿ ನೋಡಲಿಲ್ಲ. 0.22 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ನೀರಲ್ಲಿ ಕರಗಿದ್ದನ್ನು ತಡೆಯುವುದಿಲ್ಲ. ಆ್ಯಂಟಿಬಯಾಟಿಕ್ ಉಳಿಕೆ, ನೆಲ ಒರೆಸಿದ ಫಿನಾಯಿಲ್, ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಕೊಲ್ಲಲು ಬಿಡುವ ಬ್ಯಾಕ್ಟೀರಿಯೊಸಿನ್ ಎಲ್ಲವೂ ಫೇಜ್ ಜೊತೆಗೇ ಇಳಿಯುತ್ತವೆ, ಎಲ್ಲವೂ ಹಾಸನ್ನು ತಿಳಿಯಾಗಿಸುತ್ತವೆ. ವ್ಯತ್ಯಾಸ ಕಾಣುವುದು ತೆಳು ಮಾಡಿದಾಗ. ಫೇಜ್ ಆದರೆ ದೊಡ್ಡ ಚುಕ್ಕೆ ಒಡೆದು ಸೂಜಿಮೊನೆಯಷ್ಟು ಬಿಡಿ ಬಿಡಿ ಪ್ಲಾಕ್ (ಬ್ಯಾಕ್ಟೀರಿಯಾ ಸತ್ತ ತಿಳಿ ಜಾಗ) ಆಗುತ್ತದೆ. ರಾಸಾಯನಿಕವಾದರೆ ಇಡೀ ಚುಕ್ಕೆ ಸಮನಾಗಿ ಮಬ್ಬಾಗುತ್ತ ಮಾಯವಾಗುತ್ತದೆ. ಹೊಸ ಕಲ್ಚರ್‌ಗೆ (ದ್ರವದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಕ್ಕೆ) ಹಾಕಿದರೂ ಅಷ್ಟೇ, ಫೇಜ್ ಹೆಚ್ಚುತ್ತದೆ, ಔಷಧ ತೆಳುವಾಗಿ ಹೋಗುತ್ತದೆ. ನನ್ನ ಬಾಟಲಿಗಳಲ್ಲಿ ಏನೂ ಹೆಚ್ಚಲಿಲ್ಲ. ಆದರೂ ಸ್ಟಾಕ್ ಮಾಡುತ್ತಲೇ ಇದ್ದೆ.

ತೆಳು ಮಾಡುವುದು ಹೀಗೆ: 100 ಮೈಕ್ರೋಲೀಟರ್ ಸೋಸಿದ ನೀರಿಗೆ 900 ಮೈಕ್ರೋಲೀಟರ್ ಎಸ್‌ಎಂ ಬಫರ್ (ಫೇಜ್ ಇಡುವ ಉಪ್ಪಿನ ದ್ರಾವಣ), ಅದರಿಂದ 100 ತೆಗೆದು ಮುಂದಿನ ಟ್ಯೂಬಿನ 900 ಬಫರ್‌ಗೆ, ಹೀಗೆ ಆರು ಟ್ಯೂಬ್. ಪ್ರತಿಯೊಂದರಿಂದ 100 ಮೈಕ್ರೋಲೀಟರ್ ತೆಗೆದು, ಚುರುಕಾಗಿ ಬೆಳೆಯುತ್ತಿರುವ 200 ಮೈಕ್ರೋಲೀಟರ್ ಕಲ್ಚರ್‌ಗೆ ಸೇರಿಸಿ 10 ನಿಮಿಷ ಬಿಡಿ. ಆಮೇಲೆ 4 ಎಂ.ಎಲ್. ಕರಗಿಸಿದ ಮೆದು ಅಗರ್ (ಆರಿದರೆ ಜೆಲ್ಲಿಯಂತೆ ಗಟ್ಟಿಯಾಗುವಂಥದು, 0.6%) ಬೆರೆಸಿ ಪ್ಲೇಟಿಗೆ ಸುರಿಯಿರಿ. ಅಗರ್ 45ರಿಂದ 48 ಡಿಗ್ರಿಯಲ್ಲಿರಲಿ. ಹೆಚ್ಚಾದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಡಿಮೆಯಾದರೆ ಗಂಟುಗಟ್ಟುತ್ತದೆ. ಒಂದೇ ಪ್ಲಾಕ್ ಎತ್ತಿ ಮೂರು ಸಲ ಶುದ್ಧ ಮಾಡಿ. ಮಬ್ಬು ಪ್ಲಾಕ್ ಬೇಡ: ಆ ಫೇಜ್ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಡಿಎನ್‌ಎಯೊಳಗೆ ಕೂರುವ ಜಾತಿಯದಿರಬಹುದು.

ನೀರಿಗೆ ಆಸ್ಪತ್ರೆ ಚರಂಡಿಗಿಂತ ಊರ ಕೊಳಚೆ ತುಂಗೆ ಸೇರುವ ಜಾಗ ಮೇಲು. ಹೊಳೆಯ ತಿಳಿನೀರು ತುಂಗಾ ಪಾನಕ್ಕೆ ಚೆಂದ, ಇ. ಕೋಲೈ ಫೇಜಿಗಲ್ಲ. ಮಳೆಗಾಲದ ಕೆನ್ನೀರಾದರೆ ಮಣ್ಣು ಫಿಲ್ಟರ್ ಕಟ್ಟಿಸುತ್ತದೆ, ಮೊದಲು 5,000 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ.

'ಬದಲು' ಅನ್ನುವ ಮಾತನ್ನಂತೂ ಬಿಡಿ. ಒಂದು ಫೇಜ್ ಸಾಮಾನ್ಯವಾಗಿ ಒಂದೇ ಜಾತಿಯ ಕೆಲವೇ ತಳಿಗಳನ್ನು ಕೊಲ್ಲುತ್ತದೆ, ಅದಕ್ಕೂ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಬದುಕಿಬಂದ ಟಾಮ್ ಪ್ಯಾಟರ್‌ಸನ್ ಅವರಿಗೆ ಹಲವು ಫೇಜ್‌ಗಳ ಮಿಶ್ರಣದ ಜೊತೆ ಆ್ಯಂಟಿಬಯಾಟಿಕ್ಕೂ ನಡೆದಿತ್ತು. ನಿಮ್ಮ ಟ್ಯೂಬಿನಲ್ಲಿ ಒಡೆದ ಇ. ಕೋಲೈನ ಎಂಡೋಟಾಕ್ಸಿನ್ (ಅದರ ಹೊರಪೊರೆಯ ವಿಷ) ತುಂಬಿರುತ್ತದೆ. ರಕ್ತಕ್ಕೆ ಹೋದರೆ ಜ್ವರ, ಶಾಕ್.

ಆ ಸೋಸಿದ ನೀರು ಫ್ರಿಜ್‌ನಲ್ಲಿ ಇನ್ನೂ ಇದ್ದರೆ, ಇವತ್ತೇ ಆರು ಟ್ಯೂಬ್ ಹಾಕಿ.