ಆ ಅಡಿಬರಹ ಬರೆದದ್ದು ನಾನೇ

ಸಾಗರದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಇಥಿಯೋಪಿಯಾದ ಕಲ್ಲಿನ ಚರ್ಚಿನ ಚಿತ್ರ ಹಾಕಿ, ಕೆಳಗೆ 'ಆಫ್ರಿಕಾದ ಎಲ್ಲೋರಾ' ಎಂದು ಬರೆದಿದ್ದೀರಿ. ನಮ್ಮ ಜೋಗವನ್ನು ಯಾರಾದರೂ 'ಭಾರತದ ನಯಾಗರಾ' ಎಂದರೆ ನನಗೆ ಮೈ ಉರಿಯುತ್ತದೆ. ಅವರಿಗೂ ಹಾಗೇ ಅಲ್ಲವೇ? ಅದಿರಲಿ, ಆ ಚಿತ್ರ ನೋಡಿದ ಮೇಲೆ ನಮ್ಮ ಮನೆಯವರಿಗೂ ನನಗೂ ಅಲ್ಲಿಗೆ ಹೋಗುವ ಆಸೆ ಹುಟ್ಟಿದೆ. ಸಿಂಹ ಜಿಂಕೆ ಹಿಡಿಯುವುದನ್ನು ಜೀಪಿನಲ್ಲಿ ಕೂತು ನೋಡುವ ಉಮೇದು ನಮಗಿಲ್ಲ. ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಗತಿ? ಕಾಫಿಪುಡಿ ಒಯ್ಯಬೇಕೇ?"

ಮಾನ್ಯರೇ,

ತಪ್ಪು ನನ್ನದೇ. ಎಲ್ಲೋರಾದ ಕೈಲಾಸ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು ಎಂಬ ಹೆಮ್ಮೆ ಒಳಗೆಲ್ಲೋ ಇತ್ತು, ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತು. ಹೋಲಿಕೆ ಪೂರ್ತಿ ಸುಳ್ಳೂ ಅಲ್ಲ. ಎರಡು ಕಡೆಯೂ ಕಲ್ಲನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದಿದ್ದಾರೆ. ಬುನಾದಿ ಇಲ್ಲ, ಗಾರೆ ಇಲ್ಲ. ಲಾಲಿಬೆಲಾದಲ್ಲಿ ಇಂಥ 11 ಚರ್ಚುಗಳಿವೆ. 12-13ನೇ ಶತಮಾನದ ಸಂಧಿಯಲ್ಲಿ ಆಳಿದ ಲಾಲಿಬೆಲಾ ಎಂಬ ದೊರೆಯ ಹೆಸರೇ ಊರಿಗೂ ನಿಂತಿದೆ. ಹಗಲು ಮನುಷ್ಯರು, ರಾತ್ರಿ ದೇವದೂತರು ಕಡಿದರು ಎಂಬುದು ಸ್ಥಳಪುರಾಣ. ನಾವು ಚಿತ್ರ ಹಾಕಿದ್ದು ಸಂತ ಜಾರ್ಜನ ಚರ್ಚಿನದು, ಬೇತೆ ಗಿಯೊರ್ಗಿಸ್. ಶಿಲುಬೆಯ ಆಕಾರದ ಅದರ ಮಾಡು ನೆಲದ ಮಟ್ಟಕ್ಕೇ ಇದೆ, ಕಟ್ಟಡವೆಲ್ಲ ಗುಂಡಿಯೊಳಗೆ. ಹತ್ತಿರ ಹೋಗಿ ಬಗ್ಗಿ ನೋಡುವ ತನಕ ಅಲ್ಲೊಂದು ಗುಡಿಯಿದೆ ಎಂದೇ ತಿಳಿಯುವುದಿಲ್ಲ.

ಆದರೆ ಎಲ್ಲೋರಾಕ್ಕೆ ನಾವು ಟಿಕೆಟ್ ಕೊಂಡು ಶಿಲ್ಪ ನೋಡಲು ಹೋಗುತ್ತೇವೆ. ಲಾಲಿಬೆಲಾದಲ್ಲಿ ಇವತ್ತಿಗೂ ನಿತ್ಯಪೂಜೆ ನಡೆಯುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು. ಜನವರಿ 7ಕ್ಕೆ ಅವರ ಕ್ರಿಸ್‌ಮಸ್. ಬಿಳಿ ಹತ್ತಿಬಟ್ಟೆ ಹೊದ್ದ ಯಾತ್ರಿಕರು ಎಷ್ಟೋ ದಿನ ನಡೆದು ಬರುತ್ತಾರೆ, ರಾತ್ರಿಯಿಡೀ ಡೋಲು, ಸ್ತೋತ್ರ. ನನ್ನ ಅಡಿಬರಹ ನುಂಗಿ ಹಾಕಿದ್ದು ಇದನ್ನೇ.

ಇನ್ನು ಊಟದ ಚಿಂತೆ. ನೀವು ಹೆದರುವುದೇ ಬೇಡ, ಆಫ್ರಿಕಾದಲ್ಲಿ ಸಸ್ಯಾಹಾರಿಗೆ ಇಷ್ಟು ಅನುಕೂಲದ ಇನ್ನೊಂದು ದೇಶ ನನಗೆ ಹೊಳೆಯುತ್ತಿಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದ ಬಹುಪಾಲು ಬುಧವಾರ, ಶುಕ್ರವಾರ ವ್ರತ. ಈಸ್ಟರಿಗೆ ಮುಂಚೆ 55 ದಿನ ಉದ್ದಕ್ಕೂ ವ್ರತ. ಆಗ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಹೋಟೆಲಿನಲ್ಲಿ 'ತ್ಸೋಮ್' ಅಂದರೆ ಸಾಕು, ವ್ರತದ ಊಟ ಎಂದು ತಿಳಿಯುತ್ತದೆ. 'ಬೆಯಾಯ್ನೆತು' ಎಂದರೆ ಅಗಲವಾದ ಇಂಜೆರಾದ ಮೇಲೆ ಬೇಳೆ, ಸೊಪ್ಪು, ಎಲೆಕೋಸು, ಬೀಟ್‌ರೂಟ್, ಕಡಲೆಹಿಟ್ಟಿನ ಗೊಜ್ಜಿನಂಥ 'ಶಿರೋ' ಎಲ್ಲ ಒಂದೊಂದು ಗುಪ್ಪೆ. ಇಂಜೆರಾ ಎಂಬುದು ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ, ಒಂದೇ ಮಗ್ಗುಲು ಬೇಯಿಸಿದ ದೋಸೆ. (ನೋಡಿ, ಮತ್ತೆ ಹೋಲಿಸಿದೆ. ದೋಸೆಯ ವಿಷಯದಲ್ಲಿ ಕ್ಷಮಿಸಿಬಿಡಿ.) ಹುಳಿ ಮಾತ್ರ ನಮ್ಮದಕ್ಕಿಂತ ಜೋರು.

ಎರಡು ಎಚ್ಚರಿಕೆ. ವ್ರತದ ಊಟದಲ್ಲಿ ಮೊಸರು, ಮಜ್ಜಿಗೆಯ ಆಸೆ ಬಿಡಬೇಕು. ಇನ್ನೊಂದು ಸ್ವಲ್ಪ ಸೂಕ್ಷ್ಮದ್ದು: ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುತ್ತಾರೆ. ಪ್ರೀತಿ ಹೆಚ್ಚಾದರೆ ತುತ್ತು ಕಟ್ಟಿ ನಿಮ್ಮ ಬಾಯಿಗೇ ಇಡುತ್ತಾರೆ, ಅದಕ್ಕೆ 'ಗುರ್ಷಾ' ಎನ್ನುತ್ತಾರೆ. ಎಂಜಲು ಎಂದು ಮುಖ ತಿರುಗಿಸಿದರೆ ಅವರ ಮನಸ್ಸಿಗೆ ನೋವು. ಇದಕ್ಕೆ ಮನೆಯವರನ್ನು ಈಗಿನಿಂದಲೇ ಸಿದ್ಧಮಾಡಿ.

ಕಾಫಿಪುಡಿ ಒಯ್ಯಬೇಡಿ! ಅರೇಬಿಕಾ ಕಾಫಿಯ ತವರು ಆ ದೇಶದ ನೈಋತ್ಯದ ಕಾಡುಗಳು. ಬಾಬಾಬುಡನ್ನರು ಯೆಮನ್‌ನಿಂದ ತಂದರು ಎನ್ನುವ ಬೀಜದ ಹಿಂದಿನ ಊರು ಅದೇ. ಅಲ್ಲಿ ಕಾಫಿಗೆ 'ಬುನ್ನಾ' ಎನ್ನುತ್ತಾರೆ. ನಿಮ್ಮೆದುರೇ ಹಸಿ ಬೀಜ ತೊಳೆದು, ಹುರಿದು, ಕುಟ್ಟಿ, 'ಜೆಬೆನಾ' ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಪಕ್ಕದಲ್ಲಿ ಲೋಬಾನದ ಹೊಗೆ. ಮೂರು ಸುತ್ತು ಕುಡಿಯುವುದು ರೂಢಿ. ಮೂರನೆಯದಕ್ಕೆ 'ಬರಕಾ' ಎಂದು ಹೆಸರು, ಅಂದರೆ ಆಶೀರ್ವಾದ. ಅವಸರದವರು ಕೂರಬಾರದು.

ಜೋಗದವರಾದ ನಿಮಗೆ ನೀಲಿ ನೈಲ್‌ನ ತಿಸ್ ಇಸ್ಸಾತ್ ಜಲಪಾತದ ಕಥೆ ಹೊಸದೆನಿಸದು. ತಾನಾ ಸರೋವರದಿಂದ ಹೊರಟ ನದಿ ಸ್ವಲ್ಪ ದೂರ ಹರಿದು ಅಲ್ಲಿ ಧುಮುಕುತ್ತದೆ. ವಿದ್ಯುತ್ತಿಗೆ ನೀರು ತಿರುಗಿಸಿದ ಮೇಲೆ ಬೇಸಿಗೆಯಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ. ನೋಡುವುದಾದರೆ ಮಳೆ ಮುಗಿಯುವ ಸೆಪ್ಟೆಂಬರ್ ಹೊತ್ತಿಗೆ. ಸಿಮಿಯನ್ ಪರ್ವತದಲ್ಲಿ ಗೆಲಾಡ ಕೋತಿಗಳು ನೂರಾರು ಒಟ್ಟಿಗೆ ಕೂತು ಹುಲ್ಲು ಕಿತ್ತು ತಿನ್ನುತ್ತವೆ. ಸಿಂಹಕ್ಕಿಂತ ನಿಮಗೆ ಅವೇ ಹಿಡಿಸಬಹುದು. ದನಾಕಿಲ್‌ನ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 100 ಮೀಟರಿಗೂ ಕೆಳಗಿದೆ. ಫೋಟೋದಲ್ಲಿ ಚೆಂದ, ಆ ಸೆಕೆ ನಿಮ್ಮ ವಯಸ್ಸಿಗೆ ಬೇಡ.

ಈಗ ಕಹಿ ಮಾತು. ಲಾಲಿಬೆಲಾ, ತಾನಾ, ಸಿಮಿಯನ್ ಮೂರೂ ಇರುವುದು ಅಮ್ಹಾರಾ ಪ್ರಾಂತ್ಯದಲ್ಲಿ. 2023ರಲ್ಲಿ ಅಲ್ಲಿ ಸೇನೆಗೂ 'ಫಾನೋ' ಎಂಬ ಸ್ಥಳೀಯ ಸಶಸ್ತ್ರ ಪಡೆಗಳಿಗೂ ಕಾಳಗ ಶುರುವಾಯಿತು. ಟಿಕೆಟ್ ಮಾಡಿಸುವ ಮುನ್ನ ಅಡಿಸ್ ಅಬಾಬಾದ ಭಾರತೀಯ ರಾಯಭಾರ ಕಚೇರಿಯ ಸೂಚನೆ ಓದಿ. ಬೇಡ ಎಂದಿದ್ದರೆ ಒಂದೆರಡು ವರ್ಷ ಕಾಯಿರಿ. 800 ವರ್ಷ ನಿಂತ ಕಲ್ಲು ನಿಮಗಾಗಿ ಇನ್ನಷ್ಟು ನಿಲ್ಲುತ್ತದೆ.

ಹೋಗುವುದು ಖಚಿತವಾದರೆ ಹೊರಡುವ ಕನಿಷ್ಠ 10 ದಿನ ಮುಂಚೆ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರ ಇಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕ ಇರಿಸುತ್ತಾರೆ. ಸಮಯ ಕೇಳುವಾಗಲೂ ಹುಷಾರು. ಅವರ ಗಡಿಯಾರದ ಎಣಿಕೆ ಬೆಳಗ್ಗೆ 6ಕ್ಕೆ ಆರಂಭ, ಹಾಗಾಗಿ 'ಎರಡು ಗಂಟೆಗೆ ಬಸ್ಸು' ಎಂದರೆ ನಮ್ಮ ಎಂಟು ಗಂಟೆ.

ಬಂದ ಮೇಲೆ ಚಿತ್ರ ಕಳಿಸಿ. ಅಡಿಬರಹ ನೀವೇ ಬರೆಯಿರಿ.

– ಸಂ.